ಮಂಡಿ ಬದಲಿ ಆಪರೇಷನ್: ಬ್ಲಾಕ್ ಇಳಿಯುವ ಮೊದಲೇ ಮಾತ್ರೆ

ಕೃತಕ ಮಂಡಿ ಜೋಡಿಸಿದ ಮೇಲೆ ನೋವು ತೀವ್ರವಾಗಿರುವುದು ಮೊದಲ ಎರಡು ಮೂರು ದಿನ. ಎದ್ದು ನಡೆಯಬೇಕಾದದ್ದೂ ಆಗಲೇ. ಆದ್ದರಿಂದ ತೊಡೆಯ ಬಲ ಉಳಿಸಿಕೊಂಡು ನೋವನ್ನಷ್ಟೇ ತಗ್ಗಿಸಬೇಕು. ಅದಕ್ಕೆ ಬಳಸುವುದು ಬ್ಲಾಕ್, ಅಂದರೆ ನರದ ಬಳಿ ಕೊಟ್ಟು ನೋವು ತಿಳಿಯದಂತೆ ಮರಗಟ್ಟಿಸುವ ಇಂಜೆಕ್ಷನ್.

ಮೊದಲು, ಮೂತ್ರಪಿಂಡದ ತೊಂದರೆ, ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ ಏನಿದ್ದರೂ ಅರಿವಳಿಕೆ ತಜ್ಞರಿಗೆ ಹೇಳಿ. ದೇಹದ ತೂಕವನ್ನೂ ಸರಿಯಾಗಿ ಹೇಳಿ. ಹೀಗೆ ಮರಗಟ್ಟಿಸುವ ರೋಪಿವಕೇನ್ ಔಷಧಿಗೆ ಸಾಮಾನ್ಯ ಮಿತಿ ಕೆ.ಜಿ.ಗೆ ಸುಮಾರು 3 ಮಿ.ಗ್ರಾಂ, 60 ಕೆ.ಜಿ. ತೂಗುವವರಿಗೆ 180 ಮಿ.ಗ್ರಾಂ, ಅಂದರೆ 0.2% ದ್ರಾವಣದಲ್ಲಿ 90 ಮಿ.ಲೀ. ಸರ್ಜನ್ ಕೀಲಿನ ಸುತ್ತ ಚುಚ್ಚುವುದೂ ಅರಿವಳಿಕೆ ತಜ್ಞರು ನರದ ಬಳಿ ಕೊಡುವುದೂ ಇದೇ ಲೆಕ್ಕಕ್ಕೆ ಸೇರಬೇಕು. ಮಿತಿ ಮೀರಿದರೆ ಬಾಯಿಯ ಸುತ್ತ ಜುಮುಗುಟ್ಟುತ್ತದೆ, ನಾಲಿಗೆಗೆ ಲೋಹದ ರುಚಿ ಬರುತ್ತದೆ, ಕಿವಿ ಗುಂಯ್‌ಗುಡುತ್ತದೆ. ಹಾಗನ್ನಿಸಿದ ಕೂಡಲೇ ನರ್ಸ್‌ಗೆ ತಿಳಿಸಿ. ಫಿಟ್ಸ್ ಬರುವವರೆಗೂ ಹೋಗಬಹುದು.

ಬ್ಲಾಕ್‌ಗಳಲ್ಲಿ ಈಗ ಹೆಚ್ಚು ಒಲವಿರುವುದು ಅಡಕ್ಟರ್ ಕೆನಾಲ್ ಬ್ಲಾಕ್‌ಗೆ. ಅಲ್ಟ್ರಾಸೌಂಡ್ ನೋಡಿಕೊಂಡು ತೊಡೆಯ ಒಳಮಗ್ಗುಲಲ್ಲಿ ಕೊಡುತ್ತಾರೆ. ಹಳೆಯ ಫೀಮರಲ್ ಬ್ಲಾಕ್ ನೋವು ಚೆನ್ನಾಗಿಯೇ ತಡೆಯುತ್ತದೆ, ಆದರೆ ತೊಡೆಯ ಸ್ನಾಯು ಸೋತು ಕಾಲು ಕುಸಿಯುತ್ತದೆ. ಅಡಕ್ಟರ್ ಬ್ಲಾಕ್ ಮಂಡಿಯ ಹಿಂಬದಿಯ ನೋವಿಗೆ ಅಷ್ಟಾಗಿ ತಾಕುವುದಿಲ್ಲ. ಅದಕ್ಕೆ ಮಂಡಿಯ ಹಿಂಬದಿಗೆ ಕೊಡುವ ಐಪ್ಯಾಕ್ ಬ್ಲಾಕ್ ಅಥವಾ ಸರ್ಜನ್ ಕೊಡುವ ಇಂಜೆಕ್ಷನ್ ಬೇಕು. ಯಾವ ಬ್ಲಾಕ್ ಆದರೂ ಮೊದಲ ದಿನ ಒಬ್ಬರೇ ಎದ್ದು ಬಾತ್‌ರೂಮಿಗೆ ಹೋಗಬೇಡಿ.

ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಸಲ ಕೊಟ್ಟ ಬ್ಲಾಕ್ ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಇಳಿಯುತ್ತದೆ, ಅದೂ ಎಷ್ಟೋ ಸಲ ನಡುರಾತ್ರಿಯಲ್ಲಿ. ‘ಈಗ ನೋವಿಲ್ಲವಲ್ಲ’ ಎಂದು ಸಂಜೆಯ ಮಾತ್ರೆ ಬಿಟ್ಟವರಿಗೆ ನೋವು ಒಮ್ಮೆಲೇ ಏರುತ್ತದೆ, ಆಮೇಲೆ ನುಂಗಿದ್ದು ಕೆಲಸ ಮಾಡಲು ಅರ್ಧ, ಮುಕ್ಕಾಲು ಗಂಟೆ ಬೇಕು. ಬರೆದುಕೊಟ್ಟ ಪ್ಯಾರಾಸಿಟಮಾಲ್ ಅನ್ನು ಹೇಳಿದ ಹೊತ್ತಿಗೆ ನುಂಗಿ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ತೂಕ ಕಡಿಮೆ ಇದ್ದರೆ, ಯಕೃತ್ತಿನ ತೊಂದರೆಯಿದ್ದರೆ ಇನ್ನೂ ಕಡಿಮೆ. ಶೀತದ ಮಾತ್ರೆಯಲ್ಲೂ ಅದೇ ಇರಬಹುದು, ನೋಡಿಕೊಳ್ಳಿ. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆಗಳು ತೀರಾ ತಡೆಯಲಾಗದಾಗ ಮಾತ್ರ. ವಾಕರಿಕೆ, ಮಲಬದ್ಧತೆ ತರುತ್ತವೆ.

ಐಸ್ ಪ್ಯಾಕ್ ಅನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ಮರಗಟ್ಟಿದ ಚರ್ಮಕ್ಕೆ ಅತಿಯಾದ ತಂಪು ಗೊತ್ತಾಗುವುದಿಲ್ಲ, ಗಡಿಯಾರ ನೋಡಿಯೇ ತೆಗೆಯಿರಿ. ಹಾಯೆನಿಸಿದರೂ ಮಂಡಿಯ ಕೆಳಗೆ ದಿಂಬು ಬೇಡ, ಕಾಲು ನೇರವಾಗುವುದು ಕಷ್ಟವಾಗುತ್ತದೆ, ಹಿಮ್ಮಡಿಯ ಕೆಳಗಿಡಿ.

ಬ್ಲಾಕ್ ಇಳಿದ ಮೇಲೂ ಪಾದ ಮೇಲೆತ್ತಲು ಬಾರದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ತಿಳಿಸಿ.