‘ಸತೀವುಸ್’ಗೆ ಸರಿಯಾದ ಬಾಲ ಜೋಡಿಸುವುದು ಹೇಗೆ?

ಕಾಲೇಜೊಂದರ ಸಸ್ಯ ಪ್ರದರ್ಶನದಲ್ಲಿ ಹುಣಿಸೆ ಗಿಡಕ್ಕೆ ‘ಟಮರಿಂಡಸ್ ಇಂಡಿಕಸ್’ ಎಂಬ ಫಲಕ ತೂಗುಹಾಕಿದ್ದರು. ಇರಬೇಕಾದದ್ದು ‘ಇಂಡಿಕಾ’. ಗಿಡದ ವೈಜ್ಞಾನಿಕ ಹೆಸರಿನಲ್ಲಿ ಎರಡು ಪದ: ಮೊದಲನೆಯದು ಕುಲನಾಮ, ಎರಡನೆಯದು ಹೆಚ್ಚಾಗಿ ಅದರ ವಿಶೇಷಣ. ಬರೆದವರು ಪ್ರಾಸಕ್ಕೆ ಮರುಳಾಗಿದ್ದರು. ಈ ತಪ್ಪು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಆ ವಿಶೇಷಣದ ಬಾಲ ಸರಿಯಾಗಿ ಜೋಡಿಸುವುದನ್ನು ಅಡುಗೆಮನೆಯಲ್ಲೇ ಸಿಗುವ ‘ಸತೀವುಸ್’ ಎಂಬ ಲ್ಯಾಟಿನ್ ವಿಶೇಷಣ ಹಿಡಿದು ಕಲಿಯೋಣ.

1. ಮೂಲ: ‘ಸೆರೆರೆ’ ಎಂದರೆ ಬಿತ್ತುವುದು, ‘ಸತುಸ್’ ಬಿತ್ತಿದ್ದು, ‘ಸತೀವುಸ್’ ಬಿತ್ತಿ ಬೆಳೆಸಿದ್ದು. ತರಗತಿಯ ‘ಸಟೈವಾ’ ಉಚ್ಚಾರ ಬಿಟ್ಟುಬಿಡಿ, ರೋಮನ್ನರಂತೆ ‘ಸತೀವಾ’ ಎನ್ನಿ.

2. ಮೂರು ರೂಪ: ಸತೀವುಸ್ (ಪುಲ್ಲಿಂಗ), ಸತೀವಾ (ಸ್ತ್ರೀಲಿಂಗ), ಸತೀವುಮ್ (ನಪುಂಸಕ). ಸಂಸ್ಕೃತ ಓದಿದವರಿಗೆ ಇದು ಹೊಸದಲ್ಲ: ನವಃ, ನವಾ, ನವಮ್ ಎಂಬುದಕ್ಕೆ ಲ್ಯಾಟಿನ್ನಿನ ನೊವುಸ್, ನೊವಾ, ನೊವುಮ್ ದಾಯಾದಿಗಳು. ನಮ್ಮ ‘ಹೊಸ’ ಮಾತ್ರ ಯಾವ ಲಿಂಗಕ್ಕೂ ಬಗ್ಗುವುದಿಲ್ಲ.

3. ಕುಲನಾಮದ ಲಿಂಗ: ಎಲ್ಲರೂ ಎಡವುವುದು ಇಲ್ಲೇ. ವಿಶೇಷಣ ಅನುಸರಿಸುವುದು ಮೊದಲ ಪದದ ಲಿಂಗವನ್ನು, ಅದರ ಕೊನೆಯ ಅಕ್ಷರವನ್ನಲ್ಲ. ಬತ್ತ ‘ಒರೈಜಾ ಸತೀವಾ’, ಬೆಳ್ಳುಳ್ಳಿ ‘ಅಲಿಯಮ್ ಸತೀವುಮ್’, ಕೇಸರಿ ‘ಕ್ರೋಕಸ್ ಸತೀವುಸ್’. ಇಲ್ಲಿ ಪ್ರಾಸ ಕೂಡಿಬಂದದ್ದು ಅದೃಷ್ಟ. ಸೌತೆಕಾಯಿಗೆ ಬನ್ನಿ: ‘ಕುಕುಮಿಸ್’ ಪುಲ್ಲಿಂಗ, ಆದ್ದರಿಂದ ಸತೀವುಸ್. ಇನ್ನು ಮರಗಳು. ರೋಮನ್ನರಿಗೆ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ, ಕೊನೆಯಲ್ಲಿ ‘ಉಸ್’ ಇದ್ದರೂ. ಅದಕ್ಕೇ ಅರಳಿ ‘ಫೈಕಸ್ ರಿಲಿಜಿಯೋಸಾ’, ನಮ್ಮ ರೇಷ್ಮೆ ರೈತರು ಬೆಳೆಯುವ ಹಿಪ್ಪುನೇರಳೆಗಳಲ್ಲಿ ಒಂದು ‘ಮೋರಸ್ ಆಲ್ಬಾ’. ಉಲ್ಟಾ ಮೋಸವೂ ಉಂಟು: ನರ್ಸರಿಯ ಅಗ್ಲೋನಿಮಾ ‘ಆ’ಕಾರದಲ್ಲಿ ಮುಗಿದರೂ ನಪುಂಸಕ, ಅದರ ಒಂದು ಪ್ರಭೇದ ‘ಕಾಮ್ಯುಟೇಟಮ್’. ‘ಉಸ್ ಗಂಡು, ಆ ಹೆಣ್ಣು’ ಎಂದು ಕಲಿಸುವ ಅಗ್ಗದ ಚಾರ್ಟ್‌ಗಳನ್ನು ಕೊಳ್ಳಬೇಡಿ. ಅನುಮಾನ ಬಂದರೆ ಅದೇ ಕುಲದ ಇನ್ನೊಂದು ಗಿಡದ ಹೆಸರು ನೋಡಿ. ಅಡ್ಡದಾರಿಯೇ, ಆದರೂ ನಾನು ಮಾಡುವುದು ಅದನ್ನೇ.

4. ಎರಡನೆಯ ಪದ ವಿಶೇಷಣವೇ ಎಂದು ಖಾತ್ರಿಪಡಿಸಿಕೊಳ್ಳಿ. ಈರುಳ್ಳಿ ‘ಅಲಿಯಮ್ ಸೀಪಾ’. ಸೀಪಾ ಎಂದರೇ ಈರುಳ್ಳಿ, ನಾಮಪದ. ಅದನ್ನು ‘ಸೀಪಮ್’ ಎಂದು ತಿದ್ದಲು ಹೋಗಬೇಡಿ.

5. ವಿಭಕ್ತಿ (ಮೇಲಿನ ಲಿಂಗಕ್ರಮದಲ್ಲೇ): ದ್ವಿತೀಯೆಯಲ್ಲಿ ಸತೀವುಮ್, ಸತೀವಮ್, ಸತೀವುಮ್, ಷಷ್ಠಿಯಲ್ಲಿ ಸತೀವೀ, ಸತೀವೈ, ಸತೀವೀ. ಬಹುವಚನದ ಪ್ರಥಮೆ ಸತೀವೀ, ಸತೀವೈ, ಸತೀವಾ. ಕೊನೆಯದು ಸ್ತ್ರೀಲಿಂಗ ಏಕವಚನದಂತೆ ಕಂಡರೂ ನಪುಂಸಕ ಬಹುವಚನ. ಗಿಡದ ಹೆಸರಿಗೆ ಪ್ರಥಮೆ ಸಾಕು. ಷಷ್ಠಿ ಬೇಕಾಗುವುದು ಔಷಧಗ್ರಂಥ ತೆರೆದಾಗ: ‘ಬುಲ್ಬುಸ್ ಅಲಿಯೀ ಸತೀವೀ’, ಅಂದರೆ ಬೆಳ್ಳುಳ್ಳಿಯ ಗಡ್ಡೆ.