ಮನೆಗೆ ಆಫರ್ ಹಾಕುವ ಮುನ್ನ: ಹೊಸಬರಿಗೆ ಮಾರ್ಗದರ್ಶಿ

ಹೊರದೇಶಕ್ಕೆ ಬಂದು, ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ ಸ್ವಂತ ಮನೆ ನೋಡಲು ಶುರು ಮಾಡಿದವರು ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ನಮ್ಮನ್ನು ಪಕ್ಕಕ್ಕೆ ಕರೆದು ಕೇಳುವುದು ಒಂದೇ ಪ್ರಶ್ನೆ: "ಹೇಳಿದ ಬೆಲೆಗಿಂತ ಎಷ್ಟು ಪರ್ಸೆಂಟ್ ಕಮ್ಮಿ ಹಾಕಬೇಕು?" ಐದು, ಹತ್ತು ಎಂದು ಥಟ್ಟನೆ ಒಂದು ಅಂಕಿ ಹೇಳುವವರೂ ಅಲ್ಲೇ ಸಿಗುತ್ತಾರೆ. ಅವರು ಕೊಂಡ ವರ್ಷಕ್ಕೆ, ಕೊಂಡ ಬೀದಿಗೆ ಆ ಅಂಕಿ ಸರಿ ಇದ್ದಿರಬಹುದು. ನಿಮ್ಮ ಮನೆಗೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಪರ್ಸೆಂಟ್ ಲೆಕ್ಕದ ತೊಂದರೆ ಏನೆಂದರೆ ಅದು ಮಾರುವವರು ಬರೆದ ಬೆಲೆಯಿಂದಲೇ (ಇದೇ ಲಿಸ್ಟಿಂಗ್ ಬೆಲೆ) ಎಣಿಸಲು ಶುರು ಮಾಡುತ್ತದೆ. ಆ ಬೆಲೆ ಎಲ್ಲಿಂದ ಬಂತು? ಕೆಲವರು ಆಸೆಪಟ್ಟು ಏರಿಸಿರುತ್ತಾರೆ. ಕೆಲವರು ಜನ ಮುಗಿಬೀಳಲಿ ಎಂದು ಬೇಕಂತಲೇ ಇಳಿಸಿರುತ್ತಾರೆ. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಟೂಸಾನ್‌ನಲ್ಲಿ ಒಂದು ಪರೀಕ್ಷೆ ಮಾಡಿದರು. ವಿದ್ಯಾರ್ಥಿಗಳಿಗೂ ಅನುಭವಿ ಏಜೆಂಟರಿಗೂ ನಿಜವಾದ ಮನೆಯನ್ನೇ ತೋರಿಸಿ, ಕೈಗೆ ವಿವರಗಳ ಕಟ್ಟು ಕೊಟ್ಟು, ಬೆಲೆ ಕಟ್ಟಿ ಎಂದರು. ಕಟ್ಟಿನೊಳಗೆ ಎಲ್ಲವೂ ಒಂದೇ. ಲಿಸ್ಟಿಂಗ್ ಬೆಲೆ ಮಾತ್ರ ಒಂದೊಂದು ಗುಂಪಿಗೆ ಒಂದೊಂದು. ಹೆಚ್ಚಿನ ಬೆಲೆ ಕಂಡವರು ಹೆಚ್ಚು ಕಟ್ಟಿದರು, ಕಡಿಮೆ ಕಂಡವರು ಕಡಿಮೆ. ಏಜೆಂಟರೂ ಅಷ್ಟೇ. ಆಮೇಲೆ ಕೇಳಿದರೆ ಬಹಳಷ್ಟು ಏಜೆಂಟರು ಲಿಸ್ಟಿಂಗ್ ಬೆಲೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದರಂತೆ! ಕಸುಬಿನವರ ಕಥೆಯೇ ಹೀಗಾದರೆ, ಮೊದಲ ಸಲ ಮನೆ ನೋಡುವ ನಮ್ಮ ಪಾಡು ಹೇಳಬೇಕೇ?

ಆದ್ದರಿಂದ ಮೊದಲ ಕೆಲಸ, ಲಿಸ್ಟಿಂಗ್ ಬೆಲೆಯನ್ನು ಕೈಯಿಂದ ಮುಚ್ಚಿಟ್ಟು ನಿಮ್ಮದೇ ಬೆಲೆ ಕಟ್ಟುವುದು. ಅದೇ ಬಡಾವಣೆಯಲ್ಲಿ ಕಳೆದ ಮೂರರಿಂದ ಆರು ತಿಂಗಳಲ್ಲಿ ಮಾರಾಟವಾದ, ಹೆಚ್ಚುಕಮ್ಮಿ ಅದೇ ಅಳತೆಯ, ಅದೇ ವಯಸ್ಸಿನ ಮನೆಗಳ ಪಟ್ಟಿಯನ್ನು ನಿಮ್ಮ ಏಜೆಂಟರ ಹತ್ತಿರ ಕೇಳಿ. ಇವನ್ನೇ ಅವರು 'ಕಾಂಪ್ಸ್' ಅನ್ನುವುದು. ಇನ್ನೂ ಮಾರಾಟಕ್ಕಿರುವ ಮನೆಗಳ ಬೆಲೆ ಬೇಡ, ಅದು ಬರೀ ಆಸೆ. ಮಾರಾಟವಾದ ಬೆಲೆ ಬೇಕು.

ಕಾಗದದ ಮೇಲೆ ಮಾಡಿ ನೋಡೋಣ. ನಿಮಗೆ ಹಿಡಿಸಿದ ಮನೆಯ ಲಿಸ್ಟಿಂಗ್ ಬೆಲೆ 100 ಅಂದುಕೊಳ್ಳಿ. ಪಟ್ಟಿಯ ಮೊದಲ ಮನೆ 96ಕ್ಕೆ ಹೋಗಿದೆ, ಆದರೆ ಅದರ ಅಡುಗೆಮನೆ ಹಳೆಯದು, ನೀವು ನೋಡಿದ್ದರದ್ದು ಹೊಸದು. ಆ ವ್ಯತ್ಯಾಸಕ್ಕೆ 2 ಸೇರಿಸಿದರೆ 98. ಎರಡನೆಯದು 101ಕ್ಕೆ ಹೋಗಿದೆ, ಅದಕ್ಕೊಂದು ಬಚ್ಚಲುಮನೆ ಹೆಚ್ಚಿಗೆ ಇದೆ. 4 ಕಳೆದರೆ 97. ಮೂರನೆಯದು 94, ಆದರೆ ಅದಿರುವುದು ವಾಹನಗಳ ಸದ್ದಿನ ಮುಖ್ಯರಸ್ತೆಯಲ್ಲಿ. 4 ಸೇರಿಸಿದರೆ 98. ಈ 2, 4 ಎಲ್ಲ ಉದಾಹರಣೆಗೆ ಹಾಕಿದ್ದು. ನಿಮ್ಮ ಕಡೆ ಅಡುಗೆಮನೆಗೆಷ್ಟು, ಬಚ್ಚಲಿಗೆಷ್ಟು ಎಂದು ಏಜೆಂಟರನ್ನು ಕೇಳಿ. ತಪ್ಪಾಗುವುದು ಕೂಡಿಸಬೇಕೋ ಕಳೆಯಬೇಕೋ ಅನ್ನುವಲ್ಲಿ. ಮಾರಾಟವಾದ ಮನೆಯನ್ನು ನಿಮ್ಮ ಮನೆಯಂತೆ ಮಾಡಬೇಕು: ಅದರಲ್ಲಿ ಹೆಚ್ಚಿಗೆ ಇದ್ದರೆ ಕಳೆಯಿರಿ, ಕಡಿಮೆ ಇದ್ದರೆ ಸೇರಿಸಿ. ಇಲ್ಲಿ ಉತ್ತರ 97–98. ಈಗ ಕೈ ತೆಗೆದು ಲಿಸ್ಟಿಂಗ್ ಬೆಲೆ ನೋಡಿ. 100 ಅಂದರೆ ಸ್ವಲ್ಪ ಜಾಸ್ತಿ, ಅನ್ಯಾಯವೇನಲ್ಲ. ಇಂಥ ಮನೆಗೆ 85 ಎಂದು ಆಫರ್ ಹಾಕಿದರೆ ಅದು ಚೌಕಾಸಿಯೂ ಆಗುವುದಿಲ್ಲ. ನಿಮ್ಮ ಮುಂದಿನ ಆಫರನ್ನೂ ಅವರು ಹಗುರವಾಗಿಯೇ ನೋಡುತ್ತಾರೆ. 95ಕ್ಕೆ ಶುರು ಮಾಡಿ, ಜೊತೆಗೆ ಆ ಮೂರು ಮನೆಗಳ ಲೆಕ್ಕವನ್ನೂ ಕಳಿಸಿದರೆ, ಒಪ್ಪದಿದ್ದರೂ ಉತ್ತರವಂತೂ ಬರುತ್ತದೆ.

ಇನ್ನು ಮಾರುವವರ ಅವಸರ. ಮನೆ ಎಷ್ಟು ದಿನದಿಂದ ಮಾರಾಟಕ್ಕಿದೆ, ಬೆಲೆ ಒಮ್ಮೆ ಇಳಿಸಿದ್ದಾರೆಯೇ, ಒಳಗೆ ಸಾಮಾನಿದೆಯೇ ಅಥವಾ ಖಾಲಿಯೇ, ಅವರು ಬೇರೆ ಮನೆ ಆಗಲೇ ಕೊಂಡಿದ್ದಾರೆಯೇ? ಬಂದು ನಾಲ್ಕು ದಿನವಾದ ಮನೆಗೂ ಎಪ್ಪತ್ತು ದಿನವಾದ ಮನೆಗೂ ಒಂದೇ ರೀತಿ ಆಫರ್ ಹಾಕುವುದಿಲ್ಲ. ಖಾಲಿ ಮನೆಗೆ ತಿಂಗಳು ತಿಂಗಳು ಕಂತು ಕಟ್ಟುತ್ತಿರುವವರಿಗೆ ನಿಮ್ಮ 96, ಎರಡು ತಿಂಗಳ ನಂತರದ 98ಕ್ಕಿಂತ ಚೆನ್ನಾಗಿ ಕಾಣಬಹುದು.

ಅವರ ಗುಟ್ಟು ತಿಳಿಯುವಷ್ಟೇ ಮುಖ್ಯ ನಿಮ್ಮ ಗುಟ್ಟು ಬಿಡದಿರುವುದು. ಮಾರಾಟದ ಮನೆಯನ್ನು ಎಲ್ಲರಿಗೂ ತೆರೆದು ತೋರಿಸುವ ಓಪನ್ ಹೌಸ್‌ನಲ್ಲಿ ಬಾಗಿಲಲ್ಲಿ ನಿಂತು ನಗುನಗುತ್ತಾ ಮಾತಾಡಿಸುವವರು ಮಾರುವವರ ಏಜೆಂಟ್. "ಎಷ್ಟರವರೆಗೆ ನೋಡ್ತಿದ್ದೀರಿ?" ಎಂದು ಅವರು ಕೇಳುವುದು ಬರೀ ಕುಶಲ ವಿಚಾರಿಸಲು ಅಲ್ಲ. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯವೂ ಬೇಡ. "ರೀ, ಇದೇ ಇರ್ಲಿ, ಈ ರೂಮು ಅಮ್ಮನಿಗೆ" ಎಂದು ಅರಳುವ ಮುಖಕ್ಕೆ ಅನುವಾದ ಬೇಕಿಲ್ಲ. ಈಗಂತೂ ಬಾಗಿಲ ಗಂಟೆಯಲ್ಲೇ ಕ್ಯಾಮೆರಾ, ಮೈಕು ಇರುತ್ತವೆ. ಕಾರು ಹತ್ತಿ ಬೀದಿ ದಾಟಿದ ಮೇಲೆ ಮಾತಾಡಿ.

ಆಫರ್ ಹಾಕುವ ಮುನ್ನ, ಇದಕ್ಕಿಂತ ಒಂದು ಕಾಸೂ ಹೆಚ್ಚಿಗೆ ಕೊಡುವುದಿಲ್ಲ ಎಂಬ ಅಂಕಿಯನ್ನು ಗಂಡ ಹೆಂಡತಿ ಇಬ್ಬರೂ ಕೂತು ಕಾಗದದ ಮೇಲೆ ಬರೆಯಿರಿ. ಬಾಯಲ್ಲಿ ಹೇಳಿದರೆ ಸಾಲದು. ನಾವು ಬರೆದಿರಲಿಲ್ಲ. ರಾತ್ರಿ ಒಂಬತ್ತೂವರೆಗೆ ಫೋನ್ ಬಂತು: ಇನ್ನೂ ಮೂವರು ಆಫರ್ ಹಾಕಿದ್ದಾರೆ, ಬೆಳಿಗ್ಗೆ ಹತ್ತರೊಳಗೆ ನಿಮ್ಮ ಕೊನೆಯ ಬೆಲೆ ಕೊಡಿ. ಮಗು ನಿದ್ದೆಗೆ ಅಳುತ್ತಿತ್ತು, ನಾಲ್ಕು ತಿಂಗಳ ಹುಡುಕಾಟದಿಂದ ಇಬ್ಬರೂ ಸೋತಿದ್ದೆವು. 100ರ ಮನೆಗೆ 103 ಎಂದುಬಿಟ್ಟೆವು, ಸಾಲ ಸಿಗದಿದ್ದರೆ ಹಿಂದೆ ಸರಿಯುವ ಷರತ್ತನ್ನೂ ಬಿಟ್ಟುಕೊಟ್ಟೆವು. ಮನೆ ಸಿಕ್ಕಿತು. ಎರಡು ವಾರ ಬಿಟ್ಟು ಬ್ಯಾಂಕಿನ ಅಪ್ರೈಸಲ್, ಅಂದರೆ ಸಾಲ ಕೊಡುವ ಮುನ್ನ ಬ್ಯಾಂಕು ಮನೆಗೆ ಕಟ್ಟಿಸುವ ಬೆಲೆ, ಬಂತು: 98.

ಇಲ್ಲಿ ಹೊಸಬರಿಗೆ ಗೊತ್ತಿರದ ಸಂಗತಿ ಒಂದಿದೆ. ಬ್ಯಾಂಕು ಸಾಲ ಕೊಡುವುದು ಸಾಮಾನ್ಯವಾಗಿ ನೀವು ಒಪ್ಪಿದ ಬೆಲೆ ಮತ್ತು ಅಪ್ರೈಸಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. ನೂರಕ್ಕೆ ಎಂಬತ್ತು ಸಾಲ ಎಂದರೆ 103ರ ಮೇಲೆ 82.4 ಬರುತ್ತದೆ, ನಮ್ಮ ಕೈಯಿಂದ 20.6 ಎಂದು ಎಣಿಸಿದ್ದೆವು. 98ರ ಮೇಲೆ ಬಂದದ್ದು 78.4. ಕೈಯಿಂದ 24.6 ಹೋಯಿತು. ಆ ನಾಲ್ಕು, ಮನೆಗೆ ಸಾಮಾನು ಕೊಳ್ಳಲು ಇಟ್ಟಿದ್ದ ದುಡ್ಡು. ಎಂಟು ತಿಂಗಳು ಪುಸ್ತಕದ ಡಬ್ಬಗಳ ಮೇಲೆ ತಟ್ಟೆ ಇಟ್ಟುಕೊಂಡು ಉಂಡೆವು.

ಬೆಲೆ ಏರಿಸದೆಯೂ ಆಫರನ್ನು ಗಟ್ಟಿ ಮಾಡಬಹುದು. ಮಾರುವವರಿಗೆ ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಆ ಮನೆಯಲ್ಲೇ ಇರಬೇಕಿದ್ದರೆ, ಕ್ಲೋಸಿಂಗ್ ದಿನವನ್ನು, ಅಂದರೆ ವ್ಯವಹಾರ ಮುಗಿದು ಮನೆ ನಿಮ್ಮದಾಗುವ ದಿನವನ್ನು, ಅವರಿಗೆ ಬಿಡಿ. ಮುಂಗಡ ಸ್ವಲ್ಪ ಹೆಚ್ಚಿಗೆ ಇಡಿ. ಇಷ್ಟು ಸಾಲ ಕೊಡಬಹುದು ಎಂದು ಬ್ಯಾಂಕು ಮೊದಲೇ ಬರೆದುಕೊಡುವ ಪ್ರಿ-ಅಪ್ರೂವಲ್ ಪತ್ರ ಜೊತೆಗೇ ಲಗತ್ತಿಸಿ. ಸಣ್ಣಪುಟ್ಟ ರಿಪೇರಿ ಕೇಳುವುದಿಲ್ಲ ಎಂದು ಬರೆದುಕೊಡಿ. ಇನ್‌ಸ್ಪೆಕ್ಷನ್ ಷರತ್ತನ್ನು (ತಜ್ಞರ ತಪಾಸಣೆಯಲ್ಲಿ ದೋಷ ಕಂಡರೆ ಹಿಂದೆ ಸರಿಯುವ ಷರತ್ತು) ಮಾತ್ರ, ಎಷ್ಟೇ ಪೈಪೋಟಿ ಇದ್ದರೂ, ಸುಮ್ಮನೆ ಕೈಬಿಡಬೇಡಿ ಎಂಬುದು ನಮ್ಮ ಸಲಹೆ. ಬಿಡಲೇಬೇಕೆನಿಸಿದರೆ, ಅವರ ಒಪ್ಪಿಗೆ ಪಡೆದು ಆಫರ್‌ಗೆ ಮುಂಚೆಯೇ ಇನ್‌ಸ್ಪೆಕ್ಟರನ್ನು ಕರೆದುಕೊಂಡು ಹೋಗಿ. ಇನ್‌ಸ್ಪೆಕ್ಷನ್ ವರದಿ ಬಂದಾಗ ಎರಡನೇ ಸುತ್ತಿನ ಮಾತುಕತೆ ಶುರು. ವರದಿ ಐವತ್ತು ಪುಟ ಇದ್ದರೂ ಹೆದರಬೇಡಿ. ಚಾವಣಿ, ತಳಪಾಯ, ನೀರು ಸೋರಿಕೆ, ವಿದ್ಯುತ್ ವೈರಿಂಗ್: ಇಷ್ಟನ್ನೇ ಹಿಡಿದು ಕೇಳಿ, ಬಾಗಿಲ ಹಿಡಿ ಸಡಿಲ ಎಂದು ಕೇಳಿ ಮರ್ಯಾದೆ ಕಳೆದುಕೊಳ್ಳಬೇಡಿ. ನೀವೇ ರಿಪೇರಿ ಮಾಡಿಸಿಕೊಡಿ ಅನ್ನುವುದಕ್ಕಿಂತ ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ ಅನ್ನುವುದು ಮೇಲು. ಬಿಟ್ಟುಹೋಗುವ ಮನೆಗೆ ಯಾರೂ ಒಳ್ಳೆಯ ಕೆಲಸಗಾರರನ್ನು ಕರೆಸುವುದಿಲ್ಲ.

ನಿಮ್ಮ ಏಜೆಂಟ್ ಒಳ್ಳೆಯವರೇ ಇರಬಹುದು, ಆದರೂ ವ್ಯವಹಾರ ಮುಗಿದರೆ ಮಾತ್ರ ಅವರಿಗೆ ಕಮಿಷನ್. ಲೆವಿಟ್ ಮತ್ತು ಸೈವರ್‌ಸನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದು ಶೇ 3.7ರಷ್ಟು ಹೆಚ್ಚು ಬೆಲೆ ಪಡೆದದ್ದು ಕಂಡುಬಂತು. ಅದು ಮಾರುವವರ ಕಡೆಯ ಲೆಕ್ಕ. ಕೊಳ್ಳುವವರ ಕಡೆಯೂ "ಇನ್ನೊಂದು ಏರಿಸಿ, ಮುಗಿಸಿಬಿಡೋಣ" ಎಂಬ ಸಲಹೆ ಬಂದಾಗ, ಕಾಂಪ್ಸ್‌ನಲ್ಲಿ ಅದಕ್ಕೆ ಆಧಾರ ಎಲ್ಲಿದೆ ತೋರಿಸಿ ಅನ್ನಿ.

ಆಫರ್ ನಿಮ್ಮನ್ನು ಎಷ್ಟು ಕಟ್ಟಿಹಾಕುತ್ತದೆ ಎಂಬುದು ದೇಶಕ್ಕೊಂದು ಥರ. ಇಂಗ್ಲೆಂಡಿನಲ್ಲಿ ಒಪ್ಪಿಕೊಂಡ ಆಫರ್ ಕೂಡ ಎರಡೂ ಕಡೆಯವರು ಸಹಿ ಮಾಡಿದ ಕಾಂಟ್ರಾಕ್ಟ್ ವಿನಿಮಯ ಆಗುವವರೆಗೆ ಯಾರನ್ನೂ ಬಂಧಿಸುವುದಿಲ್ಲ. ನಡುವೆ ಹೆಚ್ಚಿಗೆ ಕೊಡುವವರು ಬಂದರೆ ಮನೆ ಕೈತಪ್ಪಬಹುದು. ಆಸ್ಟ್ರೇಲಿಯಾದ ಹರಾಜಿನಲ್ಲಿ ತದ್ವಿರುದ್ಧ, ಸುತ್ತಿಗೆ ಬಿದ್ದ ಮೇಲೆ ಮನಸ್ಸು ಬದಲಿಸುವ ಅವಧಿಯೇ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2023ರ ಜನವರಿ 3ರಿಂದ ಮೂರು ಕೆಲಸದ ದಿನಗಳೊಳಗೆ ಹಿಂದೆ ಸರಿಯಬಹುದು, ಆದರೆ ಬೆಲೆಯ ಶೇ 0.25 ದಂಡ ತೆರಬೇಕು. ಹಿಂದಿನ ದೇಶದ ಅನುಭವವನ್ನು ಹೊಸ ದೇಶಕ್ಕೆ ಹೊತ್ತುಕೊಂಡು ಬರಬೇಡಿ. ಸಹಿ ಮಾಡುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ.

ನಿಮ್ಮ ಆಫರ್‌ಗೆ ಉತ್ತರವಾಗಿ ಮಾರುವವರು ಬೇರೆ ಬೆಲೆ ಹೇಳಿದರೆ, ಅಂದರೆ ಕೌಂಟರ್ ಆಫರ್ ಬಂದರೆ, ಅವರ ಬೆಲೆಗೂ ನಿಮ್ಮ ಬೆಲೆಗೂ ನಡುವಿನ ಅಂಕಿಗೆ ಹಾರಬೇಡಿ. ಅವರು ಎರಡು ಇಳಿದರೆ ನೀವು ಒಂದು ಏರಿ, ಮುಂದಿನ ಸಲ ಅರ್ಧ. ಏರಿಕೆ ಸಣ್ಣದಾಗುತ್ತಾ ಹೋದರೆ ಮಿತಿ ಹತ್ತಿರ ಬಂತೆಂದು ಅವರಿಗೇ ತಿಳಿಯುತ್ತದೆ. ಕಾಗದದಲ್ಲಿ ಬರೆದ ಅಂಕಿ ಮುಟ್ಟಿದ ಮೇಲೆ ನಮಸ್ಕಾರ ಹೇಳಿ ಹೊರಡಿ, ಆದರೆ ನಗುತ್ತಲೇ ಹೊರಡಿ. ಬೇರೆಯವರ ಜೊತೆ ಆದ ವ್ಯವಹಾರ ಸಾಲ ಸಿಗದೆ ಮುರಿದು, ಮೂರು ವಾರದ ನಂತರ ಅದೇ ಏಜೆಂಟ್ ಫೋನ್ ಮಾಡುವುದುಂಟು. ಆಗ ಹಳೆಯ ಆಫರನ್ನೇ ಮತ್ತೆ ಕೊಡುವ ಮುನ್ನ, ಅದು ಏಕೆ ಮುರಿಯಿತು ಎಂದು ಕೇಳಿ. ಸಾಲವಲ್ಲ, ಇನ್‌ಸ್ಪೆಕ್ಷನ್ ಕಾರಣ ಎಂದರೆ, ಆ ವರದಿ ತರಿಸಿ ಓದಿದ ಮೇಲೇ ಹೊಸ ಅಂಕಿ ಬರೆಯಿರಿ.