ಆಲೂಗಡ್ಡೆ ಪ್ರಯೋಗ: ಒಳಗಿನ ನೀರು ಏರಬೇಕೆಂದರೆ ಹೀಗೆ ಮಾಡಿ

ಆಲೂಗಡ್ಡೆಯಲ್ಲಿ ಒಂದು ಗುಳಿ. ಗುಳಿಯಲ್ಲಿ ಸಕ್ಕರೆ ನೀರು, ಸುತ್ತ ಬರೀ ನೀರು. ಒಂದೆರಡು ಗಂಟೆಯಲ್ಲಿ ಗುಳಿಯೊಳಗಿನ ಮಟ್ಟ ಏರಬೇಕು. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಇದು ತಪ್ಪದೆ ಇರುತ್ತದೆ, ತಪ್ಪದೆ ಕೈಕೊಡುತ್ತದೆ ಕೂಡ. "ಮನೇಲಿ ಏರಿತ್ತು ಸಾರ್" ಎಂದು ಮುಖ ಸಪ್ಪೆ ಮಾಡಿಕೊಂಡ ಮಕ್ಕಳನ್ನು ಎಷ್ಟು ಸಲ ನೋಡಿದ್ದೇನೋ. ತಪ್ಪು ಸಕ್ಕರೆಯದ್ದಲ್ಲ, ಗುಳಿಯದ್ದು.

ಮೊದಲು ಗಟ್ಟಿಯಾದ, ಉದ್ದನೆಯ ಆಲೂಗಡ್ಡೆ ಆರಿಸಿ. ಸಿಪ್ಪೆ ಪೂರ್ತಿ ತೆಗೆಯಿರಿ. ಸಿಪ್ಪೆ ಇರುವುದೇ ನೀರನ್ನು ತಡೆಯುವುದಕ್ಕೆ, ಅದನ್ನು ಉಳಿಸಿಕೊಂಡು ನೀರು ಒಳಗೆ ಬರಲಿ ಅಂದರೆ ಹೇಗೆ? ಎರಡೂ ತುದಿ ಕತ್ತರಿಸಿ ನೆಟ್ಟಗೆ ನಿಲ್ಲಿಸಿ.

ಈಗ ಗುಳಿ. ಇಲ್ಲಿ ಆತುರ ಬೇಡವೇ ಬೇಡ. ಚಾಕುವಿನ ಮೊನೆ ಚುಚ್ಚಿ ತಿರುಗಿಸಿದರೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಹಳೆಯ ಸ್ಟೀಲ್ ಟೀ ಚಮಚ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಕೆರೆಯಿರಿ. ಗುಳಿ ಬಟ್ಟಲಿನ ಹಾಗೆ ಅಗಲವಾಗಿರಬಾರದು, ಬಾವಿಯ ಹಾಗೆ ಕಿರಿದಾಗಿ ಆಳವಾಗಿರಬೇಕು. ಅಗಲ ಜಾಸ್ತಿಯಾದರೆ ಒಳಗೆ ಬಂದ ನೀರು ಹರಡಿಕೊಂಡುಬಿಡುತ್ತದೆ, ಮಟ್ಟ ಏರಿದ್ದು ಗೊತ್ತೇ ಆಗುವುದಿಲ್ಲ. ಗೋಡೆ, ತಳ ಎರಡೂ ಸುಮಾರು ಅರ್ಧ ಸೆಂಟಿಮೀಟರ್ ಉಳಿಯಲಿ. ತಳ ಎಷ್ಟು ಉಳಿದಿದೆ ಎಂದು ನೋಡಲು ಗುಳಿಯೊಳಗೆ ಬೆಂಕಿಕಡ್ಡಿ ಇಳಿಸಿ, ಅಂಚಿಗೆ ಬಂದ ಜಾಗದಲ್ಲಿ ಬೆರಳಿಟ್ಟು ಹಿಡಿದು, ಕಡ್ಡಿಯನ್ನು ಹೊರಗೋಡೆಗೆ ಆನಿಸಿ ಅಳೆಯಿರಿ. ಆಮೇಲೆ ಗುಳಿ ತುಂಬ ನೀರು ಹಾಕಿ, ಹೊರಮೈ ಒರೆಸಿ, ಹಳೇ ಪೇಪರ್ ಮೇಲೆ ಐದು ನಿಮಿಷ ಇಡಿ. ಪೇಪರ್ ಒದ್ದೆಯಾಯಿತೋ, ಆ ಆಲೂಗಡ್ಡೆ ಸಾಂಬಾರಿಗೆ. ಮೇಣ ಮೆತ್ತಿ, ಅಂಟು ಸವರಿ ತೇಪೆ ಹಾಕುವವರಿದ್ದಾರೆ. ಅದು ನಿಲ್ಲುವುದಿಲ್ಲ.

ಅರ್ಧ ಲೋಟ, ಅಂದರೆ 100 ಮಿ.ಲೀ. ನೀರಿಗೆ ನಾಲ್ಕೈದು ಟೀ ಚಮಚ ಸಕ್ಕರೆ ಕರಗಿಸಿ. ಉಪ್ಪಿನಲ್ಲೂ ನಡೆಯುತ್ತದೆ, ಆದರೆ ಗೋಡೆ ಮೆತ್ತಗಾಗುತ್ತದೆ, ನನಗೆ ಇಷ್ಟವಿಲ್ಲ. ಕೆಲವರು ಒಣ ಸಕ್ಕರೆಯನ್ನೇ ಸುರಿದುಬಿಡುತ್ತಾರೆ. ಅದೂ ನೀರಾಗುತ್ತದೆ ನಿಜ, ಆದರೆ ಮಟ್ಟ ಎಲ್ಲಿತ್ತು ಅಂತ ಗುರುತು ಹಾಕುವುದು ಹೇಗೆ? ಸಕ್ಕರೆ ನೀರನ್ನು ಅರ್ಧ ಗುಳಿಗೆ ತುಂಬಿ, ಮಟ್ಟ ಇದ್ದಲ್ಲಿ ಒಳಗೋಡೆಗೆ ಗುಂಡುಸೂಜಿ ಚುಚ್ಚಿ. ಓರೆಯಾಗಿ, ಮೇಲಿಂದ. ಹೊರಗಿನಿಂದ ಚುಚ್ಚಿದರೆ ಮತ್ತೆ ತೂತು!

ಆಲೂಗಡ್ಡೆಯನ್ನು ಗಾಜಿನ ಬಟ್ಟಲಿನಲ್ಲಿಟ್ಟು ಸುತ್ತ ನೀರು ಹಾಕಿ, ಎರಡು ಹನಿ ಕೆಂಪು ಇಂಕು ಬೆರೆಸಿ. ಒಂದು ಗುಟ್ಟು: ಹೊರಗಿನ ನೀರು ಒಳಗಿನ ಮಟ್ಟಕ್ಕಿಂತ ಕೆಳಗೇ ಇರಲಿ. ಆಗ "ಸೋರಿ ಒಳಗೆ ಬಂತು" ಎಂದು ಯಾರೂ ತಕರಾರು ಮಾಡುವ ಹಾಗಿಲ್ಲ. ತೂತಿದ್ದರೆ ಒಳಗಿನ ಮಟ್ಟ ಇಳಿಯಬೇಕೇ ಹೊರತು ಏರುವುದಿಲ್ಲ, ಅಲ್ವಾ? ಐದೇ ನಿಮಿಷಕ್ಕೆ ಗುಳಿಯಲ್ಲಿ ಕೆಂಪು ಕಂಡರೂ ತೂತೇ.

ಪಕ್ಕದಲ್ಲಿ ಇನ್ನೆರಡು ಇಡಿ. ಒಂದು ಹಸಿ ಆಲೂಗಡ್ಡೆ, ಅದರಲ್ಲಿ ಬರೀ ನೀರು. ಇನ್ನೊಂದು ಬೇಯಿಸಿ ಆರಿಸಿದ್ದು, ಅದರಲ್ಲಿ ಸಕ್ಕರೆ ನೀರು. ಪುಡಿಯಾಗುವಷ್ಟು ಬೇಯಿಸಬೇಡಿ, ಗುಳಿ ನಿಲ್ಲುವಷ್ಟು ಗಟ್ಟಿ ಇರಲಿ. ಎರಡರಲ್ಲೂ ಮಟ್ಟ ಏರುವುದಿಲ್ಲ. ಇವಿಲ್ಲದೆ ಪ್ರಯೋಗ ಅರ್ಧವೇ. ಆದರೂ ಎಷ್ಟೋ ಮೇಜಿನ ಮೇಲೆ ಇವುಗಳ ಬದಲು ಥರ್ಮಾಕೋಲಿನಲ್ಲಿ ಕೆತ್ತಿದ ದೊಡ್ಡ ಜೀವಕೋಶವೇ ಕೂತಿರುತ್ತದೆ.

ತೀರ್ಪುಗಾರರು ಕೇಳುವುದು ಬೆಂದದ್ದರ ಬಗ್ಗೆಯೇ. ಹಸಿ ಆಲೂಗಡ್ಡೆಯ ಒಂದೊಂದು ಜೀವಕೋಶಕ್ಕೂ ಕೊಬ್ಬಿನ ಎರಡು ಪದರದ ತೆಳು ಕೋಶಪೊರೆ ಇರುತ್ತದೆ. ಅದು ನೀರನ್ನು ಸುಲಭವಾಗಿ ಬಿಡುತ್ತದೆ, ಸಕ್ಕರೆಯನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ನೀರು ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಅಂದರೆ ಸಕ್ಕರೆ ನೀರಿನ ಕಡೆಗೆ, ಬರುತ್ತದೆ. ಇದೇ ಅಭಿಸರಣೆ. ಬೇಯಿಸಿದಾಗ ಪೊರೆ ಹಾಳಾಗುತ್ತದೆ, ಸಕ್ಕರೆಗೂ ಬಾಗಿಲು ತೆರೆದ ಹಾಗಾಗುತ್ತದೆ. "ಆಲೂಗಡ್ಡೆ ಶಕ್ತಿ ಖರ್ಚು ಮಾಡಿ ನೀರೆಳೆಯಿತು" ಎಂದು ಮಾತ್ರ ಹೇಳಬೇಡಿ, ಅಂಕ ಹೋಗುತ್ತದೆ. ಅಭಿಸರಣೆಗೆ ಜೀವಕೋಶ ಶಕ್ತಿ ಖರ್ಚು ಮಾಡುವುದಿಲ್ಲ.

ನೀರಿಗೆಂದೇ ಪೊರೆಯಲ್ಲಿ ಪ್ರೋಟೀನಿನ ಸಣ್ಣ ಕೊಳವೆಗಳಿವೆ, ಹೆಸರು ಅಕ್ವಾಪೊರಿನ್. ಕಪ್ಪೆಯ ಮೊಟ್ಟೆಕೋಶ ಸಿಹಿನೀರಿನಲ್ಲಿ ಹಾಗೆಲ್ಲ ಉಬ್ಬುವುದಿಲ್ಲ. ಪೀಟರ್ ಆಗ್ರೆ ತಂಡದವರು ಅದರಲ್ಲಿ ಈ ಪ್ರೋಟೀನ್ ತಯಾರಾಗುವಂತೆ ಮಾಡಿದರು. ಆಗ ಅದು ನೀರು ಕುಡಿದು ಒಡೆದೇಹೋಯಿತು. 1992ರಲ್ಲಿ ಪ್ರಕಟವಾದ ಕೆಲಸ ಅದು. 2003ರಲ್ಲಿ ಆಗ್ರೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಇಷ್ಟು ಹೇಳಿದರೆ ತೀರ್ಪುಗಾರರು ಮುಂದಿನ ಮೇಜಿಗೆ ಹೋಗುತ್ತಾರೆ.

ಹಿಂದಿನ ರಾತ್ರಿಯೇ ಜೋಡಿಸಿಡಬೇಡಿ. ಬೆಳಿಗ್ಗೆ ಹೊತ್ತಿಗೆ ಆಲೂಗಡ್ಡೆ ಕಪ್ಪಾಗಿರುತ್ತದೆ. ಗುಳಿ ಮಾತ್ರ ರಾತ್ರಿ ಕೆರೆದು, ತಣ್ಣೀರಿನಲ್ಲಿ ಮುಳುಗಿಸಿಡಿ. ಸಕ್ಕರೆ ನೀರು ತುಂಬುವುದು ಪ್ರದರ್ಶನ ಶುರುವಾಗುವ ಒಂದು ಗಂಟೆ ಮೊದಲು.